ಮೂರನೇ ಪಂದ್ಯದ ಲೆಕ್ಕ: ವಿಶ್ವಕಪ್ ಫುಟ್‌ಬಾಲ್‌ನ ಗುಂಪು ಹಂತ

ವಿಶ್ವಕಪ್ ಫುಟ್‌ಬಾಲ್ ನೋಡುವಾಗ ನೀವು ಒಂದು ವಿಷಯ ಗಮನಿಸಿರಬಹುದು. ಗುಂಪು ಹಂತದ ಮೊದಲ ಎರಡು ಸುತ್ತಿನಲ್ಲಿ ಪಂದ್ಯಗಳು ಒಂದಾದ ಮೇಲೆ ಒಂದು ಬರುತ್ತವೆ. ಮೂರನೇ ಸುತ್ತು ಬಂದ ಕೂಡಲೇ ಒಂದೇ ಗುಂಪಿನ ಎರಡು ಪಂದ್ಯ ಒಂದೇ ಹೊತ್ತಿಗೆ ಶುರುವಾಗುತ್ತವೆ. ಟಿವಿ ಹಕ್ಕಿಗೆ ಕೋಟಿಗಟ್ಟಲೆ ಸುರಿದವರಿಗೆ ಇದರಿಂದ ಲಾಭವಿಲ್ಲ. ನೋಡುವವರಿಗೂ ತೊಂದರೆಯೇ, ಒಂದು ನೋಡಿದರೆ ಇನ್ನೊಂದು ತಪ್ಪಿಹೋಗುತ್ತದೆ. ಆದರೂ 1986ರಿಂದ ವಿಶ್ವಕಪ್ಪಿನಲ್ಲಿ ಹೀಗೇ ನಡೆದುಕೊಂಡು ಬಂದಿದೆ. ಯಾಕೆ? ಇವತ್ತು ನಾನು ಮಾತಾಡಬೇಕೆಂದಿರುವುದು ಇದರ ಬಗ್ಗೆಯೇ.

ಗುಂಪು ಹಂತ ಹೇಗೆ ನಡೆಯುತ್ತದೆ ಅನ್ನುವುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ನಾಲ್ಕು ತಂಡ, ಪ್ರತಿಯೊಬ್ಬರಿಗೂ ಮೂರು ಪಂದ್ಯ. ಗೆದ್ದರೆ ಮೂರು ಪಾಯಿಂಟ್, ಡ್ರಾ ಆದರೆ ಒಂದು. ಗೆಲುವಿಗೆ ಮೂರು ಪಾಯಿಂಟ್ ಬಂದಿದ್ದು 1994ರ ವಿಶ್ವಕಪ್ಪಿನಲ್ಲಿ, ಅಲ್ಲಿಯವರೆಗೆ ಎರಡೇ ಇತ್ತು. 2022ರ ವಿಶ್ವಕಪ್‌ವರೆಗೆ ಪಾಯಿಂಟ್ ಸಮ ಆದರೆ ಮೊದಲು ಗೋಲು ವ್ಯತ್ಯಾಸ ನೋಡುತ್ತಿದ್ದರು. ಕ್ರಿಕೆಟ್ಟಿನ ನೆಟ್ ರನ್‌ರೇಟ್ ಗೊತ್ತಿರುವ ನಮಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. 2024ರ ಮೇ 18ರ ರಾತ್ರಿ ಚಿನ್ನಸ್ವಾಮಿ ಮೈದಾನ ನೆನಪಿದೆಯಲ್ಲ? ಆರ್‌ಸಿಬಿ 218 ರನ್ ಹೊಡೆದಿತ್ತು. ಚೆನ್ನೈ ಸೋತರೂ ಪರವಾಗಿಲ್ಲ, 201 ಮುಟ್ಟಿದರೆ ಪ್ಲೇ ಆಫ್‌ಗೆ ಹೋಗುತ್ತಿತ್ತು. ಕೊನೆಯ ಓವರಿನಲ್ಲಿ ಎರಡೂ ಕಡೆಯವರು ಆಡುತ್ತಿದ್ದದ್ದು ಆ 201ಕ್ಕೆ. ಚೆನ್ನೈ 191ಕ್ಕೆ ನಿಂತಿತು. ಗೆಲುವಿನ ಗೆರೆ ಒಂದು ಕಡೆ, ಎಲ್ಲರೂ ಓಡುತ್ತಿರುವ ಗೆರೆ ಇನ್ನೊಂದು ಕಡೆ. ಗುಂಪು ಹಂತದ ಮೂರನೇ ಪಂದ್ಯದಲ್ಲಿ ಆಗುವುದೂ ಇದೇ.

ಅಲ್ಲಿ ತಂಡಗಳು ಒಂದೇ ಗುರಿ ಇಟ್ಟುಕೊಂಡು ಇಳಿಯುವುದಿಲ್ಲ. ಒಬ್ಬರಿಗೆ ಗೆಲುವು ಬೇಕು, ಇನ್ನೊಬ್ಬರಿಗೆ ಡ್ರಾ ಸಾಕು, ಮತ್ತೊಬ್ಬರಿಗೆ ಒಂದು ಗೋಲಿನಿಂದ ಸೋತರೂ ಸಾಕು. ಯಾರಿಗೆ ಏನು ಸಾಕು ಅನ್ನುವುದನ್ನು ಬರೆಯುವವರು ಆಟಗಾರರಲ್ಲ, ನಿಯಮ ಮಾಡಿದವರು. ಆಟ ಕೆಟ್ಟಾಗ ನಾವು ಆಟಗಾರರನ್ನು ಬೈಯುತ್ತೇವೆ. ನಾನು ಬೊಟ್ಟು ಮಾಡುವುದು ವೇಳಾಪಟ್ಟಿಯ ಕಡೆಗೆ.

1982ರ ಸ್ಪೇನ್ ವಿಶ್ವಕಪ್ಪಿಗೆ ಹೋಗೋಣ. ಅಲ್ಜೀರಿಯಾಕ್ಕೆ ಅದು ಮೊದಲ ವಿಶ್ವಕಪ್. ಜೂನ್ 16ರಂದು ಗಿಹೋನ್ ಎಂಬ ಊರಿನಲ್ಲಿ ಅವರ ಎದುರು ನಿಂತದ್ದು ಯುರೋಪಿನ ಚಾಂಪಿಯನ್ ಪಶ್ಚಿಮ ಜರ್ಮನಿ. ರಬಾ ಮಾಜೆರ್ ಮೊದಲ ಗೋಲು ಹೊಡೆದರು. ರುಮೆನಿಗ್ ಸಮ ಮಾಡಿದರು. ಚೆಂಡನ್ನು ಮಧ್ಯಕ್ಕೆ ತಂದಿಟ್ಟು ಆಟ ಮತ್ತೆ ಶುರುವಾಯಿತು, ಜರ್ಮನ್ನರು ಉಸಿರು ಬಿಡುವಷ್ಟರಲ್ಲಿ ಲಖ್ದರ್ ಬೆಲ್ಲೂಮಿ ಇನ್ನೊಂದು ಗೋಲು ಹೊಡೆದರು. 2-1. ವಿಶ್ವಕಪ್ಪಿನಲ್ಲಿ ಆಫ್ರಿಕಾದ ತಂಡವೊಂದು ಯುರೋಪಿನ ತಂಡವನ್ನು ಸೋಲಿಸಿದ್ದು ಅದೇ ಮೊದಲು. ಆಮೇಲೆ ಅಲ್ಜೀರಿಯಾ ಆಸ್ಟ್ರಿಯಾ ಎದುರು 0-2ರಿಂದ ಸೋತಿತು. ಜೂನ್ 24ರಂದು ಚಿಲಿಯನ್ನು 3-2ರಿಂದ ಗೆದ್ದಿತು. ಎರಡು ಗೆಲುವು, ನಾಲ್ಕು ಪಾಯಿಂಟ್. ಅವರ ಆಟ ಮುಗಿಯಿತು.

ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾದ ಪಂದ್ಯ ಇದ್ದದ್ದು ಮಾರನೆಯ ದಿನ, ಅದೇ ಗಿಹೋನ್‌ನಲ್ಲಿ. ಈಗ ಲೆಕ್ಕ ಹಾಕಿ, ಗುಂಪಿನಿಂದ ಮುಂದೆ ಹೋಗುವುದು ಎರಡು ತಂಡ. ಆಸ್ಟ್ರಿಯಾ ಎರಡೂ ಪಂದ್ಯ ಗೆದ್ದಿತ್ತು. ಜರ್ಮನಿ ಒಂದು ಗೆದ್ದಿತ್ತು. ಜರ್ಮನಿ ಗೆದ್ದರೆ ಮೂರೂ ತಂಡಕ್ಕೆ ನಾಲ್ಕು ನಾಲ್ಕು ಪಾಯಿಂಟ್, ಆಗ ಗೋಲು ವ್ಯತ್ಯಾಸ ತೀರ್ಮಾನ ಮಾಡುತ್ತದೆ. ಅಲ್ಜೀರಿಯಾದ ಗೋಲು ವ್ಯತ್ಯಾಸ ಸೊನ್ನೆ, ಐದು ಹೊಡೆದು ಐದು ಬಿಟ್ಟಿದ್ದರು. ಜರ್ಮನಿ ಒಂದು ಅಥವಾ ಎರಡು ಗೋಲಿನ ಅಂತರದಿಂದ ಗೆದ್ದರೆ ಜರ್ಮನಿಯೂ ಮುಂದೆ, ಆಸ್ಟ್ರಿಯಾವೂ ಮುಂದೆ. ಮೂರು ಗೋಲಿನಿಂದ ಗೆದ್ದರೆ ಆಸ್ಟ್ರಿಯಾ ಮನೆಗೆ. ಡ್ರಾ ಆದರೆ ಜರ್ಮನಿ ಮನೆಗೆ. ಇಷ್ಟೂ ಎರಡೂ ತಂಡಕ್ಕೆ ಹಿಂದಿನ ರಾತ್ರಿಯೇ ಗೊತ್ತಿತ್ತು.

ಹತ್ತನೇ ನಿಮಿಷಕ್ಕೆ ಹೊರ್ಸ್ಟ್ ಹ್ರುಬೆಶ್ ಜರ್ಮನಿಯ ಪರ ಗೋಲು ಹೊಡೆದರು. ಅಲ್ಲಿಗೆ ಎರಡೂ ಕಡೆಯವರಿಗೆ ಬೇಕಾದದ್ದು ಸಿಕ್ಕಿತು. ಮುಂದಿನ ಎಂಬತ್ತು ನಿಮಿಷದ ಬಹುಪಾಲು ಚೆಂಡು ಸುಮ್ನೆ ಅತ್ತಿಂದಿತ್ತ ಉರುಳಿತು. ಗೋಲ್‌ಕೀಪರ್ ಕೈಗೆ ಹಿಂದಕ್ಕೆ ಕೊಡುವುದು, ಅವರು ಮತ್ತೆ ಮುಂದಕ್ಕೆ ಕಳಿಸುವುದು. ಆಗ ಗೋಲ್‌ಕೀಪರ್ ಹಿಂಪಾಸ್ ಅನ್ನು ಕೈಯಲ್ಲಿ ಹಿಡಿಯಬಹುದಿತ್ತು, ಆದ್ದರಿಂದ ಕಾಲ ತಳ್ಳುವುದು ಇನ್ನೂ ಸುಲಭ. ಸ್ಪೇನಿನ ಪ್ರೇಕ್ಷಕರು ಬಿಳಿ ಕರವಸ್ತ್ರ ಬೀಸಿದರು. ಅಲ್ಜೀರಿಯಾದವರು ನೋಟು ಹಿಡಿದು ಅಲ್ಲಾಡಿಸಿದರು. ಆಸ್ಟ್ರಿಯಾದ ಟಿವಿ ವೀಕ್ಷಕ ವಿವರಣೆಗಾರ ರಾಬರ್ಟ್ ಸೀಗರ್ ತಮ್ಮ ದೇಶದವರಿಗೇ ಟಿವಿ ಆರಿಸಿಬಿಡಿ ಎಂದರು. 1-0ಗೆ ಪಂದ್ಯ ಮುಗಿಯಿತು. ಅಲ್ಜೀರಿಯಾ ದೂರು ಕೊಟ್ಟಿತು. ವಿಶ್ವಕಪ್ ನಡೆಸುವ ಸಂಸ್ಥೆ ಫೀಫಾ ತಳ್ಳಿಹಾಕಿತು, ಯಾಕೆಂದರೆ ಯಾವ ನಿಯಮವೂ ಮುರಿದಿರಲಿಲ್ಲ. ಜರ್ಮನಿ ಆ ಸಲ ಫೈನಲ್‌ವರೆಗೂ ಹೋಯಿತು.

ಇಲ್ಲಿ ಒಂದು ಸಂಗತಿಯನ್ನು ಜನ ಸಾಮಾನ್ಯವಾಗಿ ಹೇಳುವುದಿಲ್ಲ. ಚಿಲಿ ಎದುರಿನ ಪಂದ್ಯದಲ್ಲಿ ಅಲ್ಜೀರಿಯಾ ಅರ್ಧ ಹೊತ್ತಿಗೆ 3-0 ಮುಂದಿತ್ತು. ದ್ವಿತೀಯಾರ್ಧದಲ್ಲಿ ಎರಡು ಗೋಲು ಬಿಟ್ಟರು. 3-0ಗೇ ಮುಗಿಸಿದ್ದರೆ ಅವರ ವ್ಯತ್ಯಾಸ ಪ್ಲಸ್ ಎರಡು ಆಗುತ್ತಿತ್ತು. ಜರ್ಮನಿ 1-0 ಗೆದ್ದಾಗ ಆಸ್ಟ್ರಿಯಾದ್ದೂ ಪ್ಲಸ್ ಎರಡೇ. ಆಗ ಜಾಸ್ತಿ ಗೋಲು ಹೊಡೆದ ಅಲ್ಜೀರಿಯಾ ಮುಂದೆ ಹೋಗುತ್ತಿತ್ತು. ಹಾಗಾದರೆ ತಪ್ಪು ಅಲ್ಜೀರಿಯಾದ್ದೇ ಅಲ್ವಾ ಎಂದು ಕೇಳುವವರಿದ್ದಾರೆ. ಅಲ್ಲ. ಅವರು 3-0 ಗೆದ್ದಿದ್ದರೂ ಜರ್ಮನಿ ಮತ್ತು ಆಸ್ಟ್ರಿಯಾ ಮಾರನೆಯ ದಿನ ಆ ಅಂಕಿಯನ್ನು ಮುಂದಿಟ್ಟುಕೊಂಡೇ ಆಡುತ್ತಿದ್ದರು. ಮೊದಲು ಆಡಿದವರು ಕತ್ತಲಲ್ಲಿ ಆಡಿದರು, ಆಮೇಲೆ ಆಡಿದವರ ಕೈಯಲ್ಲಿ ಉತ್ತರ ಇತ್ತು. ಅನ್ಯಾಯ ಇರುವುದು ಅಲ್ಲಿ. ಎರಡು ಪಂದ್ಯ ಗೆದ್ದೂ ಮೊದಲ ಸುತ್ತಿನಲ್ಲೇ ಮನೆಗೆ ಹೋದ ಆ ತಂಡದ ಹುಡುಗರ ಬಗ್ಗೆ ಯೋಚಿಸಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅದೇ ವಿಶ್ವಕಪ್ಪಿನಲ್ಲಿ ಕ್ಯಾಮರೂನ್ ಒಂದೂ ಪಂದ್ಯ ಸೋಲದೆ ಮನೆಗೆ ಹೋಯಿತು. ಇಟಲಿಯದ್ದೂ ಮೂರು ಡ್ರಾ, ಕ್ಯಾಮರೂನ್‌ದ್ದೂ ಮೂರು ಡ್ರಾ. ಇಟಲಿ ಎರಡು ಗೋಲು ಹೊಡೆದಿತ್ತು, ಕ್ಯಾಮರೂನ್ ಒಂದು. ಆ ಒಂದು ಗೋಲಿನ ಮೇಲೆ ಇಟಲಿ ಮುಂದೆ ಹೋಯಿತು, ಹೋಗಿ ಕಪ್ಪನ್ನೇ ಎತ್ತಿತು. ಇದರಲ್ಲಿ ಯಾರ ಮೋಸವೂ ಇರಲಿಲ್ಲ. ಗುಂಪು ಹಂತ ಎಷ್ಟು ತೆಳ್ಳಗಿನ ಗೆರೆಯ ಮೇಲೆ ನಡೆಯುತ್ತದೆ ಅನ್ನುವುದಕ್ಕೆ ಹೇಳಿದೆ. ಗೆರೆ ಅಷ್ಟು ತೆಳ್ಳಗಿದ್ದಾಗ, ಅದು ಎಲ್ಲಿದೆ ಅಂತ ಒಬ್ಬರಿಗೆ ಮೊದಲೇ ತೋರಿಸುವುದು ಸಣ್ಣ ತಪ್ಪಲ್ಲ.

ಫೀಫಾಕ್ಕೆ ಇದು 1982ರಲ್ಲಿ ಮೊದಲ ಸಲ ಗೊತ್ತಾಯಿತಾ? ಇಲ್ಲ. ನಾಲ್ಕು ವರ್ಷ ಹಿಂದೆಯೇ ಅರ್ಜೆಂಟೀನಾದಲ್ಲಿ ಎಚ್ಚರಿಕೆ ಸಿಕ್ಕಿತ್ತು. 1978ರಲ್ಲಿ ಎರಡನೇ ಸುತ್ತೂ ಗುಂಪು ಹಂತವೇ. ಗುಂಪಿನಲ್ಲಿ ಮೊದಲು ಬಂದವರು ನೇರ ಫೈನಲ್‌ಗೆ. ಜೂನ್ 21ರಂದು ಬ್ರೆಜಿಲ್ ಪೋಲೆಂಡನ್ನು 3-1ರಿಂದ ಸೋಲಿಸಿತು. ಅದು ಮುಗಿದ ಮೇಲೆ ಅರ್ಜೆಂಟೀನಾ ಮತ್ತು ಪೆರು ರೊಸಾರಿಯೊದಲ್ಲಿ ಆಟಕ್ಕೆ ಇಳಿದವು. ನಾಲ್ಕು ಗೋಲಿನ ಅಂತರದಿಂದ ಗೆದ್ದರೆ ಫೈನಲ್ ಎಂದು ಅರ್ಜೆಂಟೀನಾಕ್ಕೆ ಗೊತ್ತಿತ್ತು. ಗೆದ್ದದ್ದು 6-0. ಬ್ರೆಜಿಲ್ ಒಂದೂ ಪಂದ್ಯ ಸೋಲದೆ ಮೂರನೇ ಸ್ಥಾನಕ್ಕೆ ಇಳಿಯಿತು. ಅಂದು ಅರ್ಜೆಂಟೀನಾದಲ್ಲಿ ಸೇನೆಯ ಆಡಳಿತ. ಪೆರುವಿನ ಗೋಲ್‌ಕೀಪರ್ ಕಿರೋಗ ಹುಟ್ಟಿದ್ದೇ ರೊಸಾರಿಯೊದಲ್ಲಿ. ಅನುಮಾನದ ಮಾತು ಇವತ್ತಿಗೂ ನಿಂತಿಲ್ಲ, ಸಾಬೀತೂ ಆಗಿಲ್ಲ. ನನಗೆ ಆ ಅನುಮಾನಕ್ಕಿಂತ ದೊಡ್ಡದಾಗಿ ಕಾಣುವುದು ಗಡಿಯಾರ. ಎರಡೂ ಪಂದ್ಯ ಒಟ್ಟಿಗೆ ಶುರುವಾಗಿದ್ದರೆ ಎಷ್ಟು ಗೋಲು ಬೇಕು ಎಂದು ಯಾರಿಗೂ ಮೊದಲೇ ಗೊತ್ತಿರುತ್ತಿರಲಿಲ್ಲ. ಅದೇ ಗಡಿಯಾರವನ್ನು ಫೀಫಾ 1982ಕ್ಕೂ ಹಾಗೇ ತೆಗೆದುಕೊಂಡು ಹೋಯಿತು. ಪೆಟ್ಟು ಬಿದ್ದದ್ದು ಅಲ್ಜೀರಿಯಾಕ್ಕೆ.

ಹೀಗೆ 1986ರಿಂದ ಕೊನೆಯ ಸುತ್ತು ಒಂದೇ ಹೊತ್ತಿಗೆ. ಸಮಸ್ಯೆ ಮುಗಿಯಿತಾ? ಅರ್ಧ ಮುಗಿಯಿತು.

1990ರ ಇಟಲಿ ವಿಶ್ವಕಪ್. ಪಲೆರ್ಮೊದಲ್ಲಿ ಐರ್ಲೆಂಡ್ ಮತ್ತು ನೆದರ್ಲೆಂಡ್ಸ್ ಆಡುತ್ತಿವೆ. ಇಂಗ್ಲೆಂಡ್ ಮತ್ತು ಈಜಿಪ್ಟ್ ಅದೇ ಹೊತ್ತಿಗೆ ಬೇರೆ ಊರಿನಲ್ಲಿ. ಗುಲ್ಲಿಟ್ ಗೋಲು ಹೊಡೆದರು, ನಿಯಾಲ್ ಕ್ವಿನ್ ಸಮ ಮಾಡಿದರು. ಅತ್ತ ಇಂಗ್ಲೆಂಡ್ ಮುಂದಿದೆ ಎಂಬ ಸುದ್ದಿ ಬಂತು. ಆ ಸಲ ಮೂರನೇ ಸ್ಥಾನದ ಉತ್ತಮ ತಂಡಗಳಿಗೂ ಮುಂದಿನ ಸುತ್ತು ಇತ್ತು, 1-1 ಹೀಗೇ ಉಳಿದರೆ ಇಬ್ಬರೂ ಮುಂದಕ್ಕೆ. ಕೊನೆಯ ಹೊತ್ತು ಇಬ್ಬರೂ ಆಟದ ವೇಗ ಇಳಿಸಿದರು. ಐರ್ಲೆಂಡ್ ಮತ್ತು ನೆದರ್ಲೆಂಡ್ಸ್ ಎಲ್ಲದರಲ್ಲೂ ಸಮ ಆದವು, ಮೂರು ಮೂರು ಡ್ರಾ, ಎರಡೆರಡು ಗೋಲು. ಕೊನೆಗೆ ಚೀಟಿ ಎತ್ತಿದರು. ಐರ್ಲೆಂಡ್‌ಗೆ ಎರಡನೇ ಸ್ಥಾನ, ಎದುರಿಗೆ ರೊಮೇನಿಯಾ. ನೆದರ್ಲೆಂಡ್ಸ್‌ಗೆ ಮೂರನೇ ಸ್ಥಾನ, ಎದುರಿಗೆ ಪಶ್ಚಿಮ ಜರ್ಮನಿ. ಐರ್ಲೆಂಡ್ ಮುಂದಿನ ಸುತ್ತನ್ನು ಪೆನಾಲ್ಟಿಯಲ್ಲಿ ಗೆದ್ದಿತು, ಡಚ್ಚರು ಸೋತರು. ಒಂದು ಚೀಟಿಯ ಬೆಲೆ ಅದು.

2004ರ ಯುರೋ, ಅಂದರೆ ಯುರೋಪಿನ ದೇಶಗಳ ಕಪ್, ಇನ್ನೂ ಕಠಿಣ. ಅಲ್ಲಿ ಗೋಲು ವ್ಯತ್ಯಾಸಕ್ಕಿಂತ ಮೊದಲು, ಸಮನಾದ ತಂಡಗಳು ಪರಸ್ಪರ ಆಡಿದ ಪಂದ್ಯಗಳನ್ನು ನೋಡುವ ನಿಯಮ. ಇಟಲಿ ಡೆನ್ಮಾರ್ಕ್ ಎದುರು 0-0, ಸ್ವೀಡನ್ ಎದುರು 1-1 ಮಾಡಿಕೊಂಡಿತ್ತು. ಕೊನೆಯ ದಿನ ಸ್ವೀಡನ್ ಮತ್ತು ಡೆನ್ಮಾರ್ಕ್ 2-2 ಡ್ರಾ ಮಾಡಿಕೊಂಡರೆ ಇಟಲಿ ಎಷ್ಟೇ ಗೋಲಿನಿಂದ ಗೆದ್ದರೂ ಹೊರಗೆ. ಇಟಲಿಯ ಪತ್ರಿಕೆಗಳು ಪಂದ್ಯಕ್ಕೆ ಮೊದಲೇ ಈ 2-2 ಬಗ್ಗೆ ಬರೆದಿದ್ದವು. 89ನೇ ನಿಮಿಷದಲ್ಲಿ ಸ್ವೀಡನ್ನಿನ ಮಟಿಯಾಸ್ ಯೋನ್ಸನ್ ಗೋಲು ಹೊಡೆದು ಸಮ ಮಾಡಿದರು. ಸ್ಕೋರ್ 2-2. ಬಲ್ಗೇರಿಯಾ ಎದುರು ಹೆಚ್ಚುವರಿ ಹೊತ್ತಿನಲ್ಲಿ ಗೆಲುವಿನ ಗೋಲು ಹೊಡೆದ ಇಟಲಿಯ ಕಸಾನೊ ಕುಣಿಯುತ್ತಾ ಓಡಿದರು. ಆಮೇಲೆ ಬೆಂಚಿನ ಕಡೆ ನೋಡಿ ವಿಷಯ ತಿಳಿದು ಅತ್ತರು. ಆ ಸ್ವೀಡನ್–ಡೆನ್ಮಾರ್ಕ್ ಪಂದ್ಯದಲ್ಲಿ ಮೋಸ ಇತ್ತು ಎಂದು ನನಗೆ ಅನ್ನಿಸುವುದಿಲ್ಲ. ಅವರು ಚೆನ್ನಾಗಿಯೇ ಆಡಿದರು. ಆದರೆ ಇಬ್ಬರಿಗೂ ಒಳ್ಳೆಯದಾಗುವ ಒಂದು ಸ್ಕೋರನ್ನು ನಿಯಮವೇ ಮೊದಲೇ ಬರೆದಿಟ್ಟಿತ್ತು.

ನಿಯಮ ಕೆಟ್ಟರೆ ಆಟ ಎಲ್ಲಿಯವರೆಗೆ ಹೋಗಬಹುದು ಅಂತ ತಿಳಿಯಲು 1994ರ ಕೆರಿಬಿಯನ್ ಕಪ್ ಅರ್ಹತಾ ಸುತ್ತನ್ನು ನೋಡಬೇಕು. ಬಾರ್ಬಡೋಸ್ ಮತ್ತು ಗ್ರೆನಡಾ. ಅಲ್ಲಿ ಡ್ರಾ ಇರಲಿಲ್ಲ, ಸಮ ಆದರೆ ಹೆಚ್ಚುವರಿ ಸಮಯ. ಆ ಸಮಯದಲ್ಲಿ ಬಿದ್ದ ಗೋಲ್ಡನ್ ಗೋಲಿಗೆ, ಅಂದರೆ ಬಿದ್ದ ಕೂಡಲೇ ಪಂದ್ಯ ಮುಗಿಸುವ ಗೋಲಿಗೆ, ಎರಡು ಗೋಲಿನ ಲೆಕ್ಕ. ಬಾರ್ಬಡೋಸ್‌ಗೆ ಎರಡು ಗೋಲಿನ ಅಂತರದ ಗೆಲುವು ಬೇಕಿತ್ತು. 2-0 ಮುಂದಿದ್ದರು. ಕೊನೆಯ ಹತ್ತು ನಿಮಿಷದೊಳಗೆ ಗ್ರೆನಡಾ ಒಂದು ಗೋಲು ಹೊಡೆದು 2-1 ಮಾಡಿತು. ಇನ್ನೊಂದು ಗೋಲು ಹೊಡೆಯಲು ಸಮಯ ಸಾಲದು ಎಂದು ಬಾರ್ಬಡೋಸ್ ಆಟಗಾರರು ಏನು ಮಾಡಿದರು ಗೊತ್ತಾ? ತಮ್ಮದೇ ಗೋಲಿನೊಳಗೆ ಚೆಂಡು ಒದ್ದರು. 2-2. ಹೆಚ್ಚುವರಿ ಸಮಯಕ್ಕೆ ಹೋದರೆ ಒಂದೇ ಗೋಲಿನಲ್ಲಿ ಎರಡರ ಅಂತರ ಸಿಗುತ್ತದೆ. ಗ್ರೆನಡಾಕ್ಕೆ ಇದು ಹೊಳೆಯಿತು. ಅವರಿಗೆ ಒಂದು ಗೋಲಿನಿಂದ ಸೋತರೂ ಸಾಕು. ಹಾಗಾಗಿ ಅವರು ಎರಡೂ ತುದಿಯ ಗೋಲಿಗೆ ಹೊಡೆಯಲು ಓಡಿದರು, ಬಾರ್ಬಡೋಸ್ ಎರಡೂ ತುದಿಯನ್ನು ಕಾಯಿತು. ಹೆಚ್ಚುವರಿ ಸಮಯದಲ್ಲಿ ಬಾರ್ಬಡೋಸ್ ಗೋಲು ಹೊಡೆದು 4-2ರಿಂದ ಗೆದ್ದಿತು. ಇದನ್ನು ಕೇಳಿ ನಗು ಬರುತ್ತದೆ, ನಿಜ. ಆದರೆ ಮೈದಾನದಲ್ಲಿದ್ದ ಯಾರೂ ಮೂರ್ಖರಾಗಿರಲಿಲ್ಲ. ಎಲ್ಲರೂ ನಿಯಮವನ್ನು ಸರಿಯಾಗಿ ಓದಿಕೊಂಡಿದ್ದರು.

ಸ್ವಲ್ಪ ಫುಟ್‌ಬಾಲ್ ಬಿಟ್ಟು ಆಚೆ ಹೋಗುತ್ತೇನೆ, ಯಾಕೆಂದರೆ ಇದು ನಮ್ಮ ಮನೆಯ ಸಂಗತಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್‌ಗೆ ಹೊಸದಾಗಿ ಗುಂಪು ಹಂತ ತಂದರು. ಮಹಿಳಾ ಡಬಲ್ಸ್‌ನಲ್ಲಿ ನಮ್ಮ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ. ಅವರ ಗುಂಪಿನಲ್ಲಿ ಮೂರು ಜೋಡಿ ಎರಡೆರಡು ಪಂದ್ಯ ಗೆದ್ದು ಸಮ ಆದವು. ನಮ್ಮವರು ಒಂದೇ ಒಂದು ಪಾಯಿಂಟ್ ಅಂತರದಲ್ಲಿ ಕ್ವಾರ್ಟರ್ ಫೈನಲ್ ತಪ್ಪಿಸಿಕೊಂಡರು. ಜಪಾನ್ ಜೋಡಿ ಚೈನೀಸ್ ತೈಪೆ ಎದುರು ಸೋತ ರೀತಿ ಸರಿಯಿಲ್ಲ ಎಂದು ಭಾರತ ದೂರು ಕೊಟ್ಟಿತು, ಅದು ನಿಲ್ಲಲಿಲ್ಲ. ಅದೇ ದಿನ ಬೇರೆ ಗುಂಪುಗಳಲ್ಲಿ ಸುಲಭದ ಎದುರಾಳಿ ಸಿಗಲಿ ಎಂದು ಬೇಕೆಂದೇ ಸೋಲಲು ನೋಡಿದ ನಾಲ್ಕು ಜೋಡಿಗಳನ್ನು ಕೂಟದಿಂದಲೇ ಹೊರಹಾಕಿದರು. ಎಂಟು ಆಟಗಾರ್ತಿಯರ ಒಲಿಂಪಿಕ್ಸ್ ಅಲ್ಲಿಗೆ ಮುಗಿಯಿತು. ಸೋತರೆ ಲಾಭ ಎಂಬ ಪಟ್ಟಿ ಮಾಡಿಟ್ಟವರಿಗೆ ಏನೂ ಆಗಲಿಲ್ಲ.

ಮತ್ತೆ ವಿಶ್ವಕಪ್ಪಿಗೆ ಬರೋಣ. 2018, ರಷ್ಯಾ, ಜೂನ್ 28. ಜಪಾನ್ ವೊಲ್ಗೊಗ್ರಾಡ್‌ನಲ್ಲಿ ಪೋಲೆಂಡ್ ಎದುರು 0-1 ಹಿಂದಿತ್ತು. ಸಮಾರಾದಲ್ಲಿ ಸೆನೆಗಲ್ ಮತ್ತು ಕೊಲಂಬಿಯಾ 0-0. 74ನೇ ನಿಮಿಷದಲ್ಲಿ ಯೆರಿ ಮಿನಾ ಹೆಡರ್‌ನಿಂದ ಕೊಲಂಬಿಯಾಕ್ಕೆ ಗೋಲು ಬಂತು. ಈಗ ಜಪಾನ್ ಮತ್ತು ಸೆನೆಗಲ್ ಪಾಯಿಂಟ್‌ನಲ್ಲಿ ಸಮ, ನಾಲ್ಕು ನಾಲ್ಕು. ಗೋಲು ವ್ಯತ್ಯಾಸ ಸಮ. ಹೊಡೆದ ಗೋಲು ಸಮ. ಅವರಿಬ್ಬರ ನಡುವಿನ ಪಂದ್ಯ 2-2. ಮುಂದಿನ ಅಳತೆ ಹಳದಿ ಕಾರ್ಡ್. ಜಪಾನ್‌ಗೆ ನಾಲ್ಕು, ಸೆನೆಗಲ್‌ಗೆ ಆರು.

ಜಪಾನ್ ತರಬೇತುದಾರ ಅಕಿರಾ ನಿಶಿನೊ ಒಂದು ನಿರ್ಧಾರ ಮಾಡಿದರು. ಸೋಲುತ್ತಿರುವ ತಮ್ಮ ತಂಡಕ್ಕೆ ಇನ್ನು ಮುಂದೆ ಹೋಗಬೇಡಿ, ಕಾರ್ಡ್ ತಿನ್ನಬೇಡಿ ಎಂದರು. ಕೊನೆಯ ಹತ್ತು ನಿಮಿಷ ಜಪಾನ್ ತನ್ನ ಅರ್ಧದಲ್ಲೇ ಚೆಂಡು ಆಡಿಸುತ್ತಾ ನಿಂತಿತು. ಪೋಲೆಂಡ್‌ಗೂ ಗೆಲುವು ಸಿಗುತ್ತಿತ್ತು, ಅವರೂ ಒತ್ತಡ ಹಾಕಲಿಲ್ಲ. ಇಡೀ ಮೈದಾನ ಕೂಗಿ ಛೀಮಾರಿ ಹಾಕಿತು. ನಿಶಿನೊ ತಮ್ಮ ತಂಡದ ಅದೃಷ್ಟವನ್ನು ಬೇರೊಂದು ಊರಿನಲ್ಲಿ ಆಡುತ್ತಿದ್ದವರ ಕಾಲಿಗೆ ಕಟ್ಟಿದ್ದರು. ಸೆನೆಗಲ್ ಒಂದೇ ಒಂದು ಗೋಲು ಹೊಡೆದಿದ್ದರೆ ಜಪಾನ್ ಹೊರಗೆ. ಸೆನೆಗಲ್‌ನಿಂದ ಗೋಲು ಬರಲಿಲ್ಲ. ಹಳದಿ ಕಾರ್ಡಿನ ಲೆಕ್ಕದಲ್ಲಿ ವಿಶ್ವಕಪ್ಪಿನಿಂದ ಹೊರಬಿದ್ದ ಮೊದಲ ತಂಡ ಸೆನೆಗಲ್.

ಈ ನಿಯಮಕ್ಕೆ ನ್ಯಾಯದ ಆಟ ಎಂದು ಹೆಸರು. ಜಪಾನ್ ಅಂದು ಆ ಹೆಸರಿನ ಮೇಲೆ ಮುಂದೆ ಹೋದದ್ದು ಹತ್ತು ನಿಮಿಷ ಆಡದೇ ನಿಂತು. ಚೀಟಿ ಎತ್ತುವುದಕ್ಕಿಂತ ಇದು ವಾಸಿ ಎಂದು ಹೇಳುವವರ ಮಾತಿನಲ್ಲೂ ಹುರುಳಿದೆ. ಚೀಟಿಯಲ್ಲಿ ಆಟಗಾರರ ಕೈ ಏನೂ ಇರುವುದಿಲ್ಲ. ಆದರೆ ಹಳದಿ ಕಾರ್ಡ್ ಒಬ್ಬ ರೆಫರಿಯ ಆ ಕ್ಷಣದ ತೀರ್ಮಾನ. ಬೇರೆ ಬೇರೆ ಪಂದ್ಯ, ಬೇರೆ ಬೇರೆ ರೆಫರಿ. ಅದನ್ನು ಕೂಡಿಸಿ ಒಂದು ದೇಶವನ್ನು ಮನೆಗೆ ಕಳಿಸುವುದು ನನಗೆ ಒಪ್ಪಿಗೆಯಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಗುಂಪು ಹಂತದ ಮೇಲೆ ನನಗೆ ಸಿಟ್ಟಿದೆ ಅಂದುಕೊಳ್ಳಬೇಡಿ. ವಿಶ್ವಕಪ್ಪಿನಲ್ಲಿ ನನಗೆ ತುಂಬ ಇಷ್ಟವಾದದ್ದೇ ಅದು, ಅದರಲ್ಲೂ ಒಟ್ಟಿಗೆ ನಡೆಯುವ ಆ ಕೊನೆಯ ಎರಡು ಪಂದ್ಯ. ಎಲ್ಲ ಸರಿಯಾಗಿ ಕೂಡಿ ಬಂದರೆ ಆಟದಲ್ಲಿ ಅದಕ್ಕಿಂತ ದೊಡ್ಡ ಸುಖ ಇಲ್ಲ. ಕತಾರ್, 2022, ಡಿಸೆಂಬರ್ 1. ಸ್ಪೇನ್, ಜರ್ಮನಿ, ಜಪಾನ್, ಕೋಸ್ಟರಿಕಾ. ಸ್ಪೇನ್ ಮೊದಲ ಪಂದ್ಯದಲ್ಲಿ ಕೋಸ್ಟರಿಕಾವನ್ನು 7-0ಯಿಂದ ಬಡಿದಿತ್ತು. ಕೊನೆಯ ರಾತ್ರಿ ಜಪಾನ್ ಸ್ಪೇನ್ ಎದುರು 2-1 ಮುಂದೆ. ಅತ್ತ 70ನೇ ನಿಮಿಷಕ್ಕೆ ಅದೇ ಕೋಸ್ಟರಿಕಾ ಜರ್ಮನಿ ಎದುರು 2-1 ಮುಂದೆ. ಆ ಮೂರು ನಿಮಿಷ ಸ್ಪೇನೂ ಹೊರಗೆ, ಜರ್ಮನಿಯೂ ಹೊರಗೆ. ಆಮೇಲೆ ಹಾವೆರ್ಟ್ಜ್ ಗೋಲು ಹೊಡೆದು ಜರ್ಮನಿಯನ್ನು ಸಮಕ್ಕೆ ತಂದರು. ಅದರಿಂದ ಉಳಿದದ್ದು ಸ್ಪೇನ್. ಜರ್ಮನಿ 4-2 ಗೆದ್ದೂ ಹೋಯಿತು.

ಜಪಾನಿನ ಎರಡನೇ ಗೋಲು ನಿಮಗೆ ನೆನಪಿರಬಹುದು. ಮಿಟೊಮ ಗೆರೆಯ ಹತ್ತಿರದಿಂದ ಚೆಂಡನ್ನು ಒಳಕ್ಕೆ ತಂದರು, ತನಾಕ ಒಳಗೆ ತಳ್ಳಿದರು. ಟಿವಿಯಲ್ಲಿ ನೋಡಿದರೆ ಚೆಂಡು ಹೊರಗೆ ಹೋದ ಹಾಗೇ ಕಾಣುತ್ತಿತ್ತು. ಆದರೆ ಮೇಲಿನಿಂದ ನೋಡಿದಾಗ ಚೆಂಡಿನ ಅಂಚು ಗೆರೆಯ ಮೇಲೆ ಇನ್ನೂ ಇತ್ತು. ವಿಎಆರ್, ಅಂದರೆ ವಿಡಿಯೋ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ, ಗೋಲು ಕೊಟ್ಟಿತು. ಅದು ಹೊರಗೆ ಎಂದಾಗಿ ಪಂದ್ಯ 1-1ಕ್ಕೆ ನಿಂತಿದ್ದರೆ ಜರ್ಮನಿ ಮುಂದೆ ಹೋಗುತ್ತಿತ್ತು. ಈ ಚೆಂಡನ್ನು ನೆನಪಿನಲ್ಲಿಡಿ, ಮತ್ತೆ ಬರುತ್ತೇನೆ.

ಮಾರನೆಯ ದಿನ ದಕ್ಷಿಣ ಕೊರಿಯಾ 91ನೇ ನಿಮಿಷದಲ್ಲಿ ಹ್ವಾಂಗ್ ಹಿ-ಚಾನ್ ಗೋಲಿನಿಂದ ಪೋರ್ಚುಗಲ್ ಎದುರು 2-1 ಗೆದ್ದಿತು. ಅವರ ಪಂದ್ಯ ಮುಗಿಯಿತು, ಘಾನಾ–ಉರುಗ್ವೆ ಪಂದ್ಯ ಇನ್ನೂ ನಡೆಯುತ್ತಿತ್ತು. ಉರುಗ್ವೆ 2-0 ಮುಂದೆ, ಇನ್ನೊಂದು ಗೋಲು ಬಿದ್ದರೆ ಕೊರಿಯಾ ಹೊರಗೆ. ಕೊರಿಯಾ ಆಟಗಾರರು ಮೈದಾನದ ಮಧ್ಯೆ ಗುಂಪುಗೂಡಿ ಫೋನಿನಲ್ಲಿ ಆ ಪಂದ್ಯ ನೋಡುತ್ತಾ ನಿಂತರು. ಅತ್ತ ಘಾನಾ ತಾನು ಹೊರಬಿದ್ದಿದ್ದರೂ ಉರುಗ್ವೆಗೆ ಮೂರನೇ ಗೋಲು ಬಿಡಲಿಲ್ಲ. 2010ರ ಕ್ವಾರ್ಟರ್ ಫೈನಲ್‌ನಲ್ಲಿ ಸುವಾರೆಸ್ ಗೋಲಿನ ಗೆರೆಯ ಮೇಲೆ ಕೈಯಿಂದ ಚೆಂಡು ತಡೆದು ಘಾನಾದ ಸೆಮಿಫೈನಲ್ ಕಸಿದದ್ದನ್ನು ಆ ದೇಶ ಮರೆತಿರಲಿಲ್ಲ. ಉರುಗ್ವೆ ಹೊರಗೆ, ಕೊರಿಯಾ ಒಳಗೆ. ಆ ಎರಡು ರಾತ್ರಿ ಯಾರ ಕೈಯಲ್ಲೂ ಮೊದಲೇ ಉತ್ತರ ಇರಲಿಲ್ಲ. ಎಲ್ಲರೂ ಒಂದೇ ಕತ್ತಲಲ್ಲಿ ಆಡಿದರು.

ಈಗ 48 ತಂಡಗಳ ವಿಶ್ವಕಪ್ಪಿನ ವಿಷಯ. 2017ರಲ್ಲಿ ಫೀಫಾ 2026ಕ್ಕೆ ಮಾಡಿದ ಮೊದಲ ಯೋಜನೆ ಮೂರು ಮೂರು ತಂಡಗಳ 16 ಗುಂಪು. ಮೂರು ತಂಡ ಇದ್ದರೆ ಕೊನೆಯ ದಿನ ಒಂದು ತಂಡ ಸುಮ್ನೆ ಕೂತು ನೋಡಬೇಕು, ಉಳಿದಿಬ್ಬರು ಲೆಕ್ಕ ಹಾಕಿಕೊಂಡು ಆಡಬಹುದು. ಅಂದರೆ ಗಿಹೋನ್ ಪಂದ್ಯಕ್ಕೆ ಪ್ರತಿ ಗುಂಪಿನಲ್ಲೂ ಜಾಗ ಮಾಡಿಕೊಟ್ಟ ಹಾಗೆ. ಕತಾರ್‌ನ ಆ ರಾತ್ರಿಗಳನ್ನು ಕಂಡ ಮೇಲೆ, 2023ರ ಮಾರ್ಚ್‌ನಲ್ಲಿ ಫೀಫಾ ಅದನ್ನು ಕೈಬಿಟ್ಟಿತು. ನಾಲ್ಕು ತಂಡಗಳ 12 ಗುಂಪು ಎಂದಾಯಿತು. ಒಳ್ಳೆಯ ಕೆಲಸ.

ಆದರೆ ನಾಕೌಟ್‌ಗೆ 32 ತಂಡ ಬೇಕು. 12 ಗುಂಪಿನಿಂದ ಎರಡೆರಡು ತೆಗೆದರೆ 24. ಉಳಿದ ಎಂಟಕ್ಕೆ, ಮೂರನೇ ಸ್ಥಾನದಲ್ಲಿದ್ದವರಲ್ಲಿ ಉತ್ತಮ ಎಂಟು. ಇಲ್ಲಿ ಹಳೆಯ ರೋಗ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಒಂದು ಗುಂಪಿನೊಳಗೆ ಎರಡು ಪಂದ್ಯವನ್ನು ಒಟ್ಟಿಗೆ ಆಡಿಸಬಹುದು. 12 ಗುಂಪುಗಳನ್ನು ಒಟ್ಟಿಗೆ ಆಡಿಸಲು ಆಗುವುದಿಲ್ಲ. ಮೊದಲ ಗುಂಪುಗಳು ಮುಗಿಸಿ ದಿನಗಟ್ಟಲೆ ಕಾಯುತ್ತವೆ. ಕೊನೆಯ ಗುಂಪುಗಳಿಗೆ ಮೂರು ಪಾಯಿಂಟ್ ಸಾಕಾ, ಎಷ್ಟು ಗೋಲಿನಿಂದ ಸೋತರೆ ನಡೆಯುತ್ತದೆ ಅನ್ನುವುದು ಆಡುವ ಮೊದಲೇ ಗೊತ್ತಿರುತ್ತದೆ. 2016ರ ಯುರೋದಲ್ಲಿ ಅಲ್ಬೇನಿಯಾ ರೊಮೇನಿಯಾವನ್ನು ಸೋಲಿಸಿ, ತನ್ನ ಮೊದಲ ದೊಡ್ಡ ಕೂಟದ ಮೊದಲ ಗೆಲುವಿನ ಸಂತೋಷದಲ್ಲೇ ಬೇರೆ ಗುಂಪುಗಳ ಫಲಿತಾಂಶ ಕಾಯುತ್ತಾ ಕೂತು, ಕೊನೆಗೆ ಗಂಟು ಕಟ್ಟಿಕೊಂಡು ಹೋಯಿತು. ಕೊನೆಯ ದಿನ ಆಡಿದ ಪೋರ್ಚುಗಲ್ ಒಂದೂ ಪಂದ್ಯ ಗೆಲ್ಲದೆ, ಮೂರು ಡ್ರಾ ಮಾಡಿಕೊಂಡು ಮೂರನೇ ಸ್ಥಾನದಿಂದ ಮುಂದೆ ಹೋಗಿ ಕಪ್ ಗೆದ್ದಿತು. 1986ರ ವಿಶ್ವಕಪ್ಪಿನಲ್ಲಿ ಉರುಗ್ವೆ ಡೆನ್ಮಾರ್ಕ್ ಎದುರು 1-6 ಸೋತು, ಒಂದೂ ಗೆಲ್ಲದೆ, ಎರಡು ಡ್ರಾದ ಬಲದಲ್ಲಿ ಮುಂದೆ ಹೋಗಿತ್ತು.

ಇನ್ನೊಂದು ಲೆಕ್ಕ ನೋಡಿ. 1998ರಿಂದ 2022ರವರೆಗೆ 32 ತಂಡ. 48 ಗುಂಪು ಪಂದ್ಯ ಆಡಿಸಿ 16 ತಂಡಗಳನ್ನು ಮನೆಗೆ ಕಳಿಸುತ್ತಿದ್ದರು. 48 ತಂಡಗಳ ಕೂಟದಲ್ಲಿ 72 ಗುಂಪು ಪಂದ್ಯ ಆಡಿಸಿ ಮನೆಗೆ ಕಳಿಸುವುದೂ 16 ತಂಡಗಳನ್ನೇ. ಪಂದ್ಯ ಜಾಸ್ತಿ, ಭಯ ಕಡಿಮೆ. ಭಯ ಕಡಿಮೆ ಆದ ಕಡೆ ಮೂರನೇ ಪಂದ್ಯಕ್ಕೆ ಜೀವ ಇರುವುದಿಲ್ಲ. ನನ್ನನ್ನು ಕೇಳಿದರೆ 32ರ ವಿಶ್ವಕಪ್ಪೇ ಸರಿಯಾದ ಅಳತೆಯದ್ದು. ಎಂಟು ಗುಂಪು, ಪ್ರತಿಯೊಂದರಿಂದ ಎರಡೆರಡು ತಂಡ ಮುಂದೆ, ಬೇರೆ ಗುಂಪಿನ ಗೊಡವೆ ಇಲ್ಲ.

ಇಲ್ಲಿ ಕೂತಿರುವವರೊಬ್ಬರು ಒಂದು ಪ್ರಶ್ನೆ ಎತ್ತಿದರು. 32ಕ್ಕೆ ಇಳಿಸಿದರೆ ಭಾರತಕ್ಕೆ ಇರುವ ಅಷ್ಟಿಷ್ಟು ಆಸೆಯೂ ಹೋಗುತ್ತದೆ ಅಲ್ವಾ ಸಾರ್ ಎಂದರು. ನ್ಯಾಯವಾದ ಪ್ರಶ್ನೆ. 48 ಮಾಡಿದ್ದರಿಂದ ಏಷ್ಯಾಕ್ಕೆ ನೇರವಾಗಿ ಎಂಟು ಜಾಗ ಬಂದವು, ಮೊದಲು ನಾಲ್ಕೂವರೆ ಇತ್ತು. 1950ರಲ್ಲಿ ನಮಗೆ ಬಾಗಿಲು ತೆರೆದೇ ಇತ್ತು. ಇಟಲಿ, ಸ್ವೀಡನ್, ಪರಾಗ್ವೆ ಜೊತೆ ಒಂದೇ ಗುಂಪಿನಲ್ಲಿ ಹೆಸರು ಬಂದಿತ್ತು. ನಾವು ಹೋಗಲಿಲ್ಲ. ಬೆಂಗಳೂರಿನ ಅಹಮದ್ ಖಾನ್‌ರಂಥ ಆಟಗಾರ ಇದ್ದ ಕಾಲ ಅದು.

ನಮ್ಮ ಸೋಲುಗಳನ್ನೇ ನೋಡಿ, ಅವೂ ಗುಂಪಿನ ಕೊನೆಯ ಪಂದ್ಯದಲ್ಲೇ ಆಗಿವೆ. 2019ರ ಏಷ್ಯನ್ ಕಪ್‌ನಲ್ಲಿ ಸುನಿಲ್ ಛೆಟ್ರಿಯ ಎರಡು ಗೋಲಿನೊಂದಿಗೆ ಥಾಯ್ಲೆಂಡನ್ನು 4-1ರಿಂದ ಗೆದ್ದಿದ್ದೆವು. ಕೊನೆಯ ಪಂದ್ಯದಲ್ಲಿ ಬಹ್ರೇನ್ ಎದುರು ಡ್ರಾ ಆಗಿದ್ದರೆ ಸಾಕಿತ್ತು. ಡ್ರಾ ಸಾಕು ಎಂದು ಹಿಂದೆ ಹಿಂದೆ ಸರಿದು ಆಡಿದೆವು. 91ನೇ ನಿಮಿಷದಲ್ಲಿ ಪೆನಾಲ್ಟಿ ಬಿತ್ತು. ಎರಡನೇ ಸ್ಥಾನದಲ್ಲಿರಬೇಕಾದ ತಂಡ ಗುಂಪಿನಲ್ಲಿ ಕೊನೆಗೆ ಬಿತ್ತು. ಅಲ್ಲಿ ಯಾರನ್ನೂ ದೂರುವಂತಿಲ್ಲ.

2024ರ ಜೂನ್ 11ರದ್ದು ಬೇರೆ. 2026ರ ವಿಶ್ವಕಪ್ ಅರ್ಹತಾ ಸುತ್ತಿನ ಗುಂಪಿನ ಕೊನೆಯ ಪಂದ್ಯ, ಕತಾರ್‌ನಲ್ಲಿ ಕತಾರ್ ಎದುರು. ಚಾಂಗ್ಟೆ ಗೋಲಿನಿಂದ ನಾವು 1-0 ಮುಂದೆ. ಗೆದ್ದಿದ್ದರೆ ಎಂಟು ಪಾಯಿಂಟ್, ಕುವೈತ್‌ಗೆ ಏಳು, ನಾವು ಮುಂದಿನ ಸುತ್ತಿಗೆ. 73ನೇ ನಿಮಿಷದಲ್ಲಿ ಚೆಂಡು ಗೋಲಿನ ಪಕ್ಕದ ಗೆರೆ ದಾಟಿ ಹೊರಗೆ ಹೋಯಿತು. ಕತಾರ್ ಆಟಗಾರ ಅದನ್ನು ಒಳಕ್ಕೆ ಎಳೆದರು, ಐಮೆನ್ ಗೋಲು ಹೊಡೆದರು, ರೆಫರಿ ಗೋಲು ಕೊಟ್ಟರು. ನಾವು 1-2ರಿಂದ ಸೋತೆವು. ಮಿಟೊಮನ ಚೆಂಡು ನೆನಪಿದೆಯಲ್ಲ? ಅದೇ ದೇಶ, ಅದೇ ಥರ ಗೆರೆಯ ಪಕ್ಕದ ಚೆಂಡು, ಗುಂಪಿನ ಕೊನೆಯ ಪಂದ್ಯ. ಅಲ್ಲಿ ಕ್ಯಾಮೆರಾ ಇತ್ತು, ನೋಡಿದರು. ಇಲ್ಲಿ ವಿಎಆರ್ ಇರಲಿಲ್ಲ.

ಆದ್ದರಿಂದ ಆ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ವಿಶ್ವಕಪ್ಪಿನಲ್ಲಿ ಜಾಗ ಹೆಚ್ಚು ಮಾಡಿ ಎಂದು ಕೇಳುವುದಕ್ಕಿಂತ, ಅರ್ಹತಾ ಸುತ್ತಿನ ಎಲ್ಲ ಗುಂಪಿನ ಕೊನೆಯ ಪಂದ್ಯಗಳಿಗಾದರೂ ವಿಎಆರ್ ಕೊಡಿ ಎಂದು ನಮ್ಮ ಫೆಡರೇಷನ್ ಏಷ್ಯಾದ ಸಣ್ಣ ದೇಶಗಳನ್ನೆಲ್ಲ ಸೇರಿಸಿಕೊಂಡು ಕೇಳಬೇಕು. 104 ಪಂದ್ಯಗಳ ಕೂಟ ನಡೆಸುವ ಹಣ ಇರುವವರಿಗೆ ಅದು ಭಾರವಲ್ಲ.